ಪ್ರಮೀಳಾಳ ಕಾಲಳತೆ

ಬೆನ್ನಿಗೆ ಎರಡು ದಿಂಬು ಒತ್ತಿಕೊಂಡು, ಸೀಟಿನ ತುದಿಗೆ ಜರುಗಿ ಕೂತು, ಪ್ರಮೀಳಾ ಅಕ್ಕಿಹೆಬ್ಬಾಳಿನಿಂದ ಪಾಂಡವಪುರದವರೆಗೆ ಮಾರಿಸ್ ಮೈನರ್ ಕಾರು ಓಡಿಸಿಕೊಂಡು ಬಂದಿದ್ದಳು. ದಾರಿಯುದ್ದಕ್ಕೂ ಒಂದೊಂದೇ ಬೈಗುಳ ಆರಿಸಿ ಇಟ್ಟುಕೊಂಡಿದ್ದಳು. ಚಿನಕುರಳಿ ದಾಟುವಷ್ಟರಲ್ಲಿ ಒಬ್ಬ ಮನುಷ್ಯನಿಗೆ ಸಾಕಾಗಿ ಮಿಗುವಷ್ಟು ಜಮೆಯಾಗಿದ್ದವು.

ಸಕ್ಕರೆ ಕಾರ್ಖಾನೆ ರಸ್ತೆಯ ಲೇತ್ ಅಂಗಡಿ ಮುಂದೆ ಗಾಡಿ ನಿಲ್ಲಿಸಿ, ದಿಂಬುಗಳನ್ನು ಕಂಕುಳಲ್ಲಿ ಇರುಕಿಕೊಂಡೇ ಇಳಿದಳು.

"ಯಾರ್ರೀ ಇಲ್ಲಿ ಸಿದ್ದರಾಜು?"

ಲೇತಿನ ಸದ್ದು ನಿಂತಿತು. ಒಳಗಿನಿಂದ ಎತ್ತರದ ಆಸಾಮಿಯೊಬ್ಬ ಕೈ ಒರೆಸಿಕೊಳ್ಳುತ್ತ ಬಂದ. ದಿಂಬುಗಳನ್ನು ನೋಡಿದ. ಅವಳ ಮುಖ ನೋಡಿದ. ಮತ್ತೆ ದಿಂಬುಗಳನ್ನೇ ನೋಡಿದ.

"ಹತ್ತಿ ತುಂಬೋರು ಪಕ್ಕದ ಬೀದೀಲವ್ರೆ ಕಣ್ರೀ. ಇದು ಲೇತು."

ಅಷ್ಟು ಜೋಪಾನವಾಗಿ ತಂದಿದ್ದ ಬೈಗುಳಗಳಲ್ಲಿ ಒಂದಾದರೂ ಬಾಯಿಗೆ ಬರಬೇಕಲ್ಲ! ಅವನ ತುಟಿ ಬಿಗಿದೇ ಇತ್ತು, ಕಣ್ಣು ಮಾತ್ರ ನಗುತ್ತಿತ್ತು. ಅಂಥ ಕಣ್ಣಿನವರನ್ನು ಬೈಯುವುದು ಕಷ್ಟ.

"ಅಕ್ಕಿಹೆಬ್ಬಾಳು ನಂಜಪ್ಪಗೌಡ್ರ ಗಾಡಿ ಇದು. ಪೆಡಲ್ ಕೂರ್ಸಿರೋದು ನೀವೇ ತಾನೇ? ಎಲ್ಲಿ ಕೂರ್ಸಿದ್ದೀರಿ, ಇಂಜಿನ್ ಒಳಗಾ? ಕಾಲು ಎಟುಕ್ಬೇಕೋ ಬ್ಯಾಡ್ವೋ?"

ಈಗ ಮುಖ ಗಂಟಿಕ್ಕಿಕೊಳ್ಳುವ ಸರದಿ ಅವನದು. ಆ ಗಾಡಿಯ ಪೆಡಲ್ಲುಗಳಿಗೆ ಅವನು ಪಟ್ಟ ಪಾಡು ಅವನಿಗೇ ಗೊತ್ತು. ಮೂವತ್ತು ವರ್ಷ ತುಳಿಸಿಕೊಂಡು ಪೆಡಲ್ಲಿನ ಬುಡದ ಬಳೆಯಂಥ ಬುಷ್ಷುಗಳೆಲ್ಲ ಸವೆದು, ಶಾಫ್ಟು ತೆಳ್ಳಗಾಗಿ, ಕ್ಲಚ್ ಪೆಡಲ್ಲು ವಾಲಿ ಬ್ರೇಕ್ ಪೆಡಲ್ಲಿನ ಹೆಗಲ ಮೇಲೆ ಒರಗಿತ್ತು. ಒಂದನ್ನು ಒತ್ತಿದರೆ ಎರಡೂ ಇಳಿಯುತ್ತಿದ್ದವು. ಇಷ್ಟು ಹಳೆಯ ಗಾಡಿಗೆ ಸ್ಪೇರ್ ಎಲ್ಲಿಂದ ತರುವುದು? ಗನ್‌ಮೆಟಲ್ ಎಂಬ ಕಂಚು ತಂದು, ಕೈಯಾರೆ ಲೇತಿನಲ್ಲಿ ಬುಷ್ ಕಡೆದು, ಹೊಸ ಶಾಫ್ಟು ಹಾಕಿ, ಸೀಟಿನ ಕಡೆಗೆ ಬಾಗಿದ್ದ ಪೆಡಲ್ ಕೈಗಳನ್ನು ನೆಟ್ಟಗೆ ಮಾಡಿ ಕೂರಿಸಿದ್ದ.

"ಗೌಡ್ರೇ ಬಂದು ಸೀಟಲ್ಲಿ ಕೂತು ಕಾಲಿಟ್ಟು ತೋರ್ಸುದ್ರು. ಅವ್ರ ಕಾಲಿಗೆ ಏನೇನೂ ಯತ್ವಾಸ ಇಲ್ದಂಗೆ ಮಾಡಿವ್ನಿ. ಓಡ್ಸೋರು ಅವ್ರು ತಾನೆ?"

ಪ್ರಮೀಳಾ ದಿಂಬುಗಳನ್ನು ಎದೆಗೆ ಅಪ್ಪಿಕೊಂಡಳು.

ಓಡಿಸುವವರು ಅವರಲ್ಲ. ಸಕ್ಕರೆ ಕಾಯಿಲೆಯಿಂದ ನಂಜಪ್ಪಗೌಡರ ಬಲಪಾದಕ್ಕೆ ಸ್ಪರ್ಶವೇ ಇಲ್ಲದಾಗಿ ಮೂರು ವರ್ಷ. ಮುಳ್ಳು ತುಳಿದರೂ ಚಪ್ಪಲಿಯಲ್ಲಿ ರಕ್ತ ಕಂಡ ಮೇಲೆಯೇ ತಿಳಿಯುವುದು. ಗಾಡಿ ಮುಟ್ಟಬೇಡಿ ಅಂದಿದ್ದರು ಮೈಸೂರಿನ ಡಾಕ್ಟರು. ಆದರೆ ಸುತ್ತ ಹಳ್ಳಿಯಲ್ಲಿ ಕಾರಿನ ಗೌಡರು ಎಂದೇ ಹೆಸರಾದ ಮನುಷ್ಯ, ಬೇರೆಯವರ ಕೈಗೆ ಸ್ಟೀರಿಂಗ್ ಕೊಡುವ ಜಾಯಮಾನದವರಲ್ಲ. ಮಗಳು ಪ್ರಮೀಳಾಳಿಗೆ ಕಲಿಸಿದರು. ಮನೆಯಿಂದ ಊರಾಚೆಯ ಮೋರಿಯ ತನಕ ಮೊದಲ ಗೇರಿನಲ್ಲಿ ತೆವಳಿಸಿಕೊಂಡು ಹೋಗುವುದು ಗೌಡರು. ಮೋರಿ ದಾಟಿದ ಮೇಲೆ ಇಬ್ಬರೂ ಇಳಿದು ಜಾಗ ಬದಲಾಯಿಸುವುದು. ವಾಪಸು ಬರುವಾಗಲೂ ಹಾಗೇ. ಮಗಳೊಬ್ಬಳೇ ಹೋಗುವ ದಿನ ಅವಳು ಬರುವವರೆಗೂ ಗೌಡರು ಮೋರಿಯಾಚೆ ಮರದಡಿ ಕಾಯುವುದು. ಊರು ನೋಡಿದ್ದು ಗೌಡರು ಗಾಡಿ ಓಡಿಸುವುದನ್ನು ಮಾತ್ರ.

ಈ ಸಲ ರಿಪೇರಿಗೆ ಗೌಡರು ಗಾಡಿಯನ್ನು ಟ್ರಾಕ್ಟರಿನ ಟ್ರೈಲರ್ ಮೇಲೆ ಹೇರಿಕೊಂಡು ಬಂದು, ಹಾಗೇ ಹೇರಿಕೊಂಡು ಹೋಗಿದ್ದರು. ಪ್ರಮೀಳಾ ಆಗ ಹೊಸಹೊಳಲಿನ ಚಿಕ್ಕಮ್ಮನ ಮನೆಯಲ್ಲಿದ್ದಳು. ಅಪ್ಪ ತಮ್ಮದೇ ಕಾಲಿನ ಅಳತೆ ಕೊಟ್ಟು ಬಂದಿದ್ದಾರೆಂದು ಅವಳಿಗೆ ಹೇಗೆ ಗೊತ್ತಾಗಬೇಕು?

"ಯಾರ್ ತಾವಾನೂ ಹೇಳಲ್ಲ ಅಂತ ಮಾತು ಕೊಡಿ," ಅಂದಳು.

"ಯಾರ್ ತಾವ ಯೋಳ್ಳಿ? ಈ ಲೇತ್ ತಾವಾ?"

ಅವಳು ಹೇಳಿದಳು. ಮೂರು ವರ್ಷ ಯಾರಿಗೂ ಹೇಳದ್ದನ್ನು ಗುರುತು ಪರಿಚಯವಿಲ್ಲದ ಒಬ್ಬನ ಮುಂದೆ ದಿಂಬು ಅಪ್ಪಿಕೊಂಡು ಹೇಳಿಬಿಟ್ಟಳು. ಅವನು ಅಯ್ಯೋ ಪಾಪ ಅನ್ನಲಿಲ್ಲ, ಬುದ್ಧಿ ಹೇಳಲಿಲ್ಲ. ಒಂದು ಗೋಣಿಚೀಲ ತಂದು ಗಾಡಿಯ ಕೆಳಗೆ ಹಾಸಿದ.

"ಚಪ್ಲಿ ಬುಟ್ಟು ಕೂತ್ಕಳಿ. ದಿಂಬು ಬ್ಯಾಡ."

ಕಾಲಡಿಯ ಮುಚ್ಚಳ ತೆಗೆದರೆ ಅಲ್ಲೊಂದು ತೂತು. ಮೇಲೆ ಸೀಟಿನಲ್ಲಿ ಅವಳು, ಕೆಳಗೆ ನೆಲದ ಮೇಲೆ ಅಂಗಾತ ಅವನು. ಅವಳಿಗೆ ಕಾಣುತ್ತಿದ್ದುದು ಅವನ ಕಣ್ಣು ಮತ್ತು ಒಂದು ಹುಬ್ಬು. ಅವನಿಗೆ ಕಾಣುತ್ತಿದ್ದುದು ಅವಳ ಎರಡು ಪಾದ. ಪೆಡಲ್ಲಿಗೆ ಸೀಮೆಸುಣ್ಣದ ಪುಡಿ ಸವರಿ, "ಕಾಲಿಡಿ. ಒತ್ತಿ. ಬುಡಿ," ಅನ್ನುತ್ತಿದ್ದ. ಅವಳ ಅಂಗಾಲು ಬಿದ್ದ ಗುರುತು ಸುಣ್ಣದಲ್ಲಿ ಮೂಡುತ್ತಿತ್ತು. ಅದನ್ನು ನೋಡಿ ಅಳತೆ ಹಿಡಿಯುತ್ತಿದ್ದ. ಅವಳ ಕಾಲನ್ನು ಒಮ್ಮೆಯೂ ಮುಟ್ಟಲಿಲ್ಲ.

"ಅಂಗೆ ನೋಡ್ಬ್ಯಾಡಿ," ಅಂದಳು ಪ್ರಮೀಳಾ.

"ನೋಡ್ದೆ ಎಂಗ್ರೀ ಅಳ್ತೆ ತಗಳದು?"

"ನೋಡಿ ಮತ್ತೆ. ಏನ್ ಕಾಣ್ತದೆ?"

"ಕಿರುಬೆಳ್ಳು ಪೆಡಲ್ಲಿನಿಂದ ಆಚ್ಗೆ ಬತ್ತಾ ಐತೆ. ಒಳೀಕ್ ತಗಳಿ."

ಅವಳು ಕಿರುಬೆರಳನ್ನು ಒಳಗೆ ತೆಗೆದುಕೊಂಡಳು. ಇಷ್ಟು ಸಣ್ಣ ಮಾತಿಗೆ ಕೆನ್ನೆ ಯಾಕೆ ಬಿಸಿಯಾಗಬೇಕು? ತೂತಿನ ಕೆಳಗಿನ ಹುಬ್ಬಿಗೂ ಏನೋ ಆಗಿತ್ತು. ಸ್ಪ್ಯಾನರ್ ಎರಡು ಸಲ ಕೈ ಜಾರಿ ಬಿತ್ತು.

ಹಲಸಿನ ಹಲಗೆಯಲ್ಲಿ ಎರಡು ತುಂಡು ಕೊಯ್ದು, ಮೇಲೆ ಟೈರಿನ ರಬ್ಬರ್ ಹೊದಿಸಿ, ಪೆಡಲ್ಲುಗಳಿಗೆ ಬೋಲ್ಟು ಹಾಕಿ ಬಿಗಿದ. ಪ್ರಮೀಳಾ ಮತ್ತೆ ಕೂತು ಒತ್ತಿದಾಗ ಅವೆರಡೂ ಅವಳ ಕಾಲಿಗೆ ಬಂದು ಕೂತವು. ಯಾರೋ ಅವಳಿಗಾಗಿಯೇ ಒಂದು ವಸ್ತು ಮಾಡಿಕೊಟ್ಟದ್ದು ಅದೇ ಮೊದಲು. ಮನೆಯಲ್ಲಿ ಎಲ್ಲವೂ ಅಪ್ಪನ ಅಳತೆಯದೇ.

ಅಲ್ಲಿಗೆ ಕೆಲಸ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಮುಂದಿನ ವಾರ ಕ್ಲಚ್ಚು ಬಿಗಿಯಾಯಿತೆಂದು ಬಂದಳು. ಅದರ ಮುಂದಿನ ವಾರ ಕ್ಲಚ್ಚು ಕಿರುಗುಟ್ಟುತ್ತದೆಂದು ಬಂದಳು. ಅವನು ಗೋಣಿಚೀಲ ಹಾಸುತ್ತಿದ್ದ, ಅವಳು ಚಪ್ಪಲಿ ಬಿಡುತ್ತಿದ್ದಳು. ತೂತಿನ ಮೇಲೊಬ್ಬರು ಕೆಳಗೊಬ್ಬರು ಕೂತು ಕ್ಲಚ್ಚಿನ ಮಾತು ಬಿಟ್ಟು ಉಳಿದೆಲ್ಲ ಮಾತನಾಡುತ್ತಿದ್ದರು. ಅವನ ತಾಯಿ ಮಾರಮ್ಮ ಒಬ್ಬಳೇ ಗದ್ದೆ ನೋಡಿಕೊಳ್ಳುವುದು, ಪ್ರಮೀಳಾ ಪಿಯುಸಿಗೇ ಓದು ಬಿಟ್ಟದ್ದು, ಅವ್ವ ತೀರಿಕೊಂಡ ಮೇಲೆ ಅವಳನ್ನು ಅಜ್ಜಿ ಸಾಕಿದ್ದು.

"ಅಲ್ರೀ, ಯಾವಾಗ್ಲೂ ಕ್ಲಚ್ಚೇ ಯಾಕೆ ಕೆಡ್ತದೆ? ಬ್ರೇಕು ಒಂದಿನಾನೂ ತೊಂದ್ರೆ ಕೊಡ್ಲಿಲ್ಲ," ಅಂದಳು ಒಂದು ದಿನ.

ಕೆಳಗಿನ ಹುಬ್ಬು ತೂತಿನಿಂದ ಮಾಯವಾಯಿತು. ಆಮೇಲೆ ಮಾತು ಬಂತು.

"ಕ್ಲಚ್ ಬುಷ್ಷು ವಸಿ ಬಿಗಿ ಬುಟ್ಟಿದ್ದೆ. ಬೇಕಂತ್ಲೆ. ಬ್ರೇಕಲ್ಲಿ ಅಂಗೆಲ್ಲ ಮಾಡಕಾಗಕಿಲ್ಲ, ಅದು ಪ್ರಾಣದ್ ವಿಷ್ಯ."

ಪ್ರಮೀಳಾ ತುಟಿ ಕಚ್ಚಿಕೊಂಡಳು. "ಕಿರುಗುಟ್ಟೋದಕ್ಕೆ ಒಂದು ತೊಟ್ಟು ಎಣ್ಣೆ ಸಾಕು ಅಂತ ನಂಗೂ ಗೊತ್ತಿತ್ತು."

ಅಷ್ಟೇ. ಆದರೆ ವಾಪಸು ಹೋಗುವಾಗ ಕೃಷ್ಣರಾಜಪೇಟೆ ದಾಟುವವರೆಗೂ ಅವಳು ಒಬ್ಬಳೇ ನಗುತ್ತಿದ್ದಳು. ಕುರಿ ಹೊಡೆದುಕೊಂಡು ಬರುತ್ತಿದ್ದವನೊಬ್ಬ ನಿಂತು ಬೆರಗಿನಿಂದ ನೋಡಿದ. ಅವಳಿಗೆ ಸಿದ್ದರಾಜು ಬೇಕಾಗಿದ್ದ. ಅದರಲ್ಲಿ ಇನ್ನು ಅನುಮಾನವೇ ಇರಲಿಲ್ಲ.

ಒಳ್ಳೆಯ ದಿನಗಳಿಗೆ ಕಣ್ಣು ತಾಗುವುದು ಬೇಗ. ಒಂದು ಸಂಜೆ ನಂಜಪ್ಪಗೌಡರು ಊಟದ ತಟ್ಟೆ ಮುಂದೆ ಕೂತು, "ಭಾನ್ವಾರ ನಾಗಮಂಗ್ಲಕ್ಕೆ ಮನೆ ನೋಡಕ್ ಹೋಯ್ತೀವಿ," ಅಂದರು.

ನಾಗಮಂಗಲದ ಲೋಕೇಶ ಹೈಸ್ಕೂಲ್ ಮೇಷ್ಟ್ರು. ಹಿಂದಿನ ತಿಂಗಳು ಬಂದು ಹೆಣ್ಣು ನೋಡಿಕೊಂಡು ಹೋಗಿದ್ದ. ಒಳ್ಳೆಯ ಹುಡುಗ, ಎತ್ತಿ ಆಡುವಂಥ ತಪ್ಪೊಂದೂ ಇಲ್ಲ. ಈಗ ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಿ ಬಂದರೆ ಮಾತು ಗಟ್ಟಿಯಾದಂತೆ. ಆ ಶಾಸ್ತ್ರಕ್ಕೆ ಹಿರಿಯರು ಹೋಗುತ್ತಾರೆ. ಹೆಣ್ಣು ಹೋಗುವಂತಿಲ್ಲ.

"ಗಾಡಿ ಯಾರು ಓಡ್ಸೋದು?" ಅಂದಳು ಪ್ರಮೀಳಾ.

"ನಾನು."

ಆಗ ಅವಳಿಗೆ ಎಲ್ಲವೂ ಹೊಳೆಯಿತು. ಪೆಡಲ್ ರಿಪೇರಿಯ ಅವಸರ, ಅಪ್ಪ ತಮ್ಮ ಕಾಲಿನ ಅಳತೆ ಕೊಟ್ಟು ಬಂದದ್ದು, ಎಲ್ಲವೂ ಇದಕ್ಕೇ. ಮನೆಯಲ್ಲಿ ಗಾಡಿ ಓಡಿಸಬಲ್ಲವಳು ಒಬ್ಬಳೇ, ಹೋಗಬಾರದವಳೂ ಅವಳೇ. ಗಂಡಿನ ಕಡೆಯವರ ಮುಂದೆ ಬಸ್ಸಿನಿಂದ ಇಳಿಯುವುದು ಗೌಡರಿಂದ ಆಗದ ಮಾತು.

"ಆ ಪೆಡಲ್ ಮ್ಯಾಲೆ ಮಣೆ ಕಟ್ಸಿದ್ದೀಯಲ್ಲ, ನಾನೇನ್ ನೋಡ್ಲಿಲ್ವಾ? ನಾಳೆ ಪಾಂಡವಪುರಕ್ಕೆ ನಡಿ. ಮೊದ್ಲಿದ್ದಂಗೆ ಮಾಡಿಸ್ಬೇಕು."

ಮರುದಿನ ಅಪ್ಪ ಮಗಳು ಇಬ್ಬರೂ ಲೇತ್ ಅಂಗಡಿಗೆ ಹೋದರು. ಗೌಡರು ಕೆಲಸ ಹೇಳಿದರು. ಸಿದ್ದರಾಜು ಕೇಳಿಸಿಕೊಂಡ. ಪ್ರಮೀಳಾಳ ಕಡೆ ಒಂದು ಸಲ ನೋಡಿದ. ನಾಗಮಂಗಲ ಅನ್ನುವ ಮಾತು ಬಂದಾಗ ಅವನ ಕೈಯಲ್ಲಿದ್ದ ಬಟ್ಟೆ ನಿಂತುಹೋಗಿತ್ತು.

"ಆಗಕಿಲ್ಲ ಗೌಡ್ರೇ."

"ಏನಂದೆ?"

"ನಿಮ್ ಕಾಲಿಗೆ ನಾನು ಬ್ರೇಕ್ ಕೂರ್ಸಕಿಲ್ಲ. ಒತ್ತಿದ್ದು ನಿಮ್ಗೆ ಗೊತ್ತಾಗಕಿಲ್ಲ. ನಿಮ್ ಜೊತೆ ಇನ್ನೊಬ್ರು ಕೂತಿರ್ತಾರೆ, ಎದ್ರುಗಡೆಯಿಂದ ಇನ್ಯಾರೋ ಬತ್ತಿರ್ತಾರೆ."

ಗೌಡರ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. "ಯಾವನ್ಲಾ ಯೋಳಿದ್ದು ನಿಂಗೆ?"

"ನಾನೇ ಹೇಳ್ದೆ ಅಪ್ಪ," ಅಂದಳು ಪ್ರಮೀಳಾ.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ಬೈಯಲಿಲ್ಲ. ಅಂಗಡಿ ಮುಂದಿನ ಕಲ್ಲಿನ ಮೇಲೆ ಕೂತು, ತಮ್ಮ ಬಲಗಾಲನ್ನು ಬೇರೆ ಯಾರದೋ ಕಾಲೆಂಬಂತೆ ನೋಡುತ್ತ ಉಳಿದರು. ಪ್ರಮೀಳಾಳಿಗೆ ಭೂಮಿ ಬಾಯಿ ಬಿಡಬಾರದೆ ಅನಿಸಿತು.

ಸಿದ್ದರಾಜು ಅವರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. "ಭಾನ್ವಾರ ನಾನ್ ಬತ್ತೀನಿ ಗೌಡ್ರೇ. ಮಣೆ ಬಿಚ್ಚಾಕಿ ನಾನೇ ಓಡುಸ್ಕಂಡು ಹೋಯ್ತೀನಿ. ಹಳೇ ಗಾಡಿ, ಹೊಸ ಬುಷ್ಷು, ಟ್ರಯಲ್ ನೋಡಕೆ ಮೆಕ್ಯಾನಿಕ್ಕೇ ಬಂದವ್ನೆ ಅನ್ನಿ. ಯಾರೇನ್ ಕೇಳ್ತಾರೆ?"

ಗೌಡರು ಸರಿ ಎಂಬಂತೆ ತಲೆಯಾಡಿಸಿದರು.

ಅಪ್ಪ ಗಾಡಿ ಹತ್ತುವವರೆಗೂ ಪ್ರಮೀಳಾ ತಡೆದುಕೊಂಡಳು. ಆಮೇಲೆ ಅವನ ಎದುರಿಗೆ ಬಂದು ನಿಂತು, ಸಣ್ಣ ದನಿಯಲ್ಲಿ ಕೇಳಿದಳು.

"ನಂಗೆ ಗಂಡು ಗೊತ್ ಮಾಡಕ್ಕೆ ನೀವೇ ಕರ್ಕೊಂಡ್ ಹೋಗ್ತೀರಾ?"

"ನಿಮ್ಮಪ್ಪ ಒಬ್ರೇ ಹೊಂಟ್ರೆ ಎಲ್ಲಿ ಸೇರ್ತಾರೋ ಗೊತ್ತಿಲ್ಲ. ಮೊದ್ಲು ಅವ್ರು ಉಳೀಲಿ."

"ಆಮೇಲೆ?"

ಅವನು ಆಗಲೇ ಒರೆಸಿದ್ದ ಕೈಯನ್ನು ಮತ್ತೆ ಒರೆಸಿಕೊಂಡ. ಅವನ ಕಣ್ಣಲ್ಲಿ ನಗು ಇಲ್ಲದ್ದನ್ನು ಅವಳು ನೋಡಿದ್ದು ಅದೇ ಮೊದಲು. ಅವತ್ತು ದಾರಿಯುದ್ದಕ್ಕೂ ಅವಳಿಗೆ ಅವನ ಮೇಲೆ ಸಿಟ್ಟಿತ್ತು. ಆ ಸಿಟ್ಟಿನ ಅಡಿಯಲ್ಲಿ ಇಂಥವನನ್ನು ಬಿಟ್ಟು ಎಲ್ಲಿಗೆ ಹೋಗಲಿ ಅನ್ನುವ ಅಳು ಇತ್ತು.

ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಸಿದ್ದರಾಜು ಅಕ್ಕಿಹೆಬ್ಬಾಳಿಗೆ ಬಂದಿಳಿದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಸ್ಪ್ಯಾನರಿನ ಚೀಲ. ಗೌಡರ ಮನೆ ಮುಂದೆ ಆಗಲೇ ಏಳೆಂಟು ಜನ ಸೇರಿದ್ದರು. ಗಂಡಿನ ಮನೆ ನೋಡಲು ಹೊರಟವರನ್ನು ಸುಮ್ಮನೆ ಕಳಿಸುವ ಊರಲ್ಲ ಅದು. ಗೌಡರ ತಾಯಿ ಚಿಕ್ಕಬೋರಮ್ಮ ಹೊಸ ಸೀರೆ ಉಟ್ಟು, ಎಲೆಯಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿ, ಎಲ್ಲರಿಗಿಂತ ಮೊದಲೇ ಹಿಂದಿನ ಸೀಟಿನಲ್ಲಿ ಕೂತಾಗಿತ್ತು.

ಮಣೆ ಬಿಚ್ಚುವುದು ಚಿಟಿಕೆ ಹೊಡೆಯುವಷ್ಟರ ಕೆಲಸ. ಸಿದ್ದರಾಜು ಬಾಗಿಲು ತೆಗೆದು ಪೆಡಲ್ಲುಗಳ ಮುಂದೆ ಮಂಡಿಯೂರಿದ. ಸ್ಪ್ಯಾನರ್ ಬೋಲ್ಟಿಗೆ ಹಾಕಿದ. ತೆಗೆದ. ಮತ್ತೆ ಹಾಕಿದ. ಜಗಲಿಯ ಕಂಬ ಹಿಡಿದು ನಿಂತಿದ್ದ ಪ್ರಮೀಳಾಳಿಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಜನ ಮಾತು ನಿಲ್ಲಿಸಿ ಅವನನ್ನೇ ನೋಡತೊಡಗಿದರು.

"ಏನ್ಲಾ ತಡ?" ಅಂದರು ಗೌಡರು.

ಅವನು ಎದ್ದು ನಿಂತ. ಬಿಳಿ ಅಂಗಿಯ ತೋಳಿಗೆ ಆಗಲೇ ಗ್ರೀಸು ಮೆತ್ತಿತ್ತು.

"ಆಯ್ತಾ ಇಲ್ಲ ಗೌಡ್ರೇ."

"ತುಕ್ಕು ಹಿಡಿದದಾ?"

"ತುಕ್ಕಲ್ಲ. ಇದು ಅವ್ರ ಕಾಲಿಗೇಂತ ಮಾಡಿದ್ದು. ಬಿಚ್ಚಕೆ ಕೈ ಬತ್ತಾ ಇಲ್ಲ."

ಜಗಲಿಯ ಕಂಬ ಗಟ್ಟಿಯಾಗಿದ್ದುದು ಒಳ್ಳೆಯದಾಯಿತು, ಪ್ರಮೀಳಾ ಅದಕ್ಕೇ ಒರಗಿಕೊಂಡಳು. ಸಿದ್ದರಾಜು ತಲೆ ತಗ್ಗಿಸಿ ನಿಂತಿದ್ದ. ಗೌಡರು ಅವನನ್ನು ನೋಡಿದರು, ಮಗಳನ್ನು ನೋಡಿದರು, ಸುತ್ತ ನಿಂತ ಊರನ್ನು ನೋಡಿದರು. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಗಾಡಿ ಹೋಗುವುದಿಲ್ಲ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವರ ಪಾಡು ಅವರದು.

ಕೊನೆಗೆ ಬಾಯಿ ಬಿಟ್ಟರು. "ಪ್ರಮೀಳಾ, ಬಾ. ನೀನೇ ಓಡ್ಸು." ಜನರ ಕಡೆ ತಿರುಗಿದರು. "ನನ್ ಕಾಲು ಹೋಗಿ ಮೂರೊರ್ಸ ಆಯ್ತು ಕಣ್ರಪ್ಪ. ಅವತ್ಲಿಂದ ಗಾಡಿ ಓಡ್ಸೋದು ಇವ್ಳೇ."

ಯಾರೂ ಬೆಚ್ಚಿಬೀಳಲಿಲ್ಲ. ಎಮ್ಮೆ ಮೇಯಿಸುವ ಮಾಯಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು.

"ಬೆಕ್ಕು ಕಣ್ಮುಚ್ಕಂಡು ಹಾಲು ಕುಡುದ್ರೆ ಊರ್ಗೇನ್ ಗೊತ್ತಾಗಕಿಲ್ವಾ ಗೌಡ್ರೇ? ದಿನಾ ಮೋರಿ ತಾವ ಎಮ್ಮೆ ಮೇಯ್ಸದು ನಾನಲ್ವಾ? ನೀವು ಇಳ್ದು ಹತ್ತೋದು ಎಲ್ಲಾರ್ಗೂ ಗೊತ್ತು. ನಿಮ್ ಮನ್ಸಿಗ್ಯಾಕೆ ನೋವು ಮಾಡದು ಅಂತ ಸುಮ್ನಿದ್ವಿ."

ಗೌಡರು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು ಎಡಗಡೆಯ ಸೀಟಿನಲ್ಲಿ ಹೋಗಿ ಕೂತರು.

"ಮೆಕ್ಯಾನಿಕ್ಕೂ ಹತ್ಲಿ," ಅಂದಳು ಚಿಕ್ಕಬೋರಮ್ಮ ಒಳಗಿನಿಂದ. "ದಾರೀಲಿ ಕೆಟ್ರೆ ಯಾರ್ನ ಹುಡ್ಕದು?"

ಹೆಣ್ಣು ಹೋಗಬಾರದ ಶಾಸ್ತ್ರಕ್ಕೆ ಹೆಣ್ಣೇ ಗಾಡಿ ಓಡಿಸಿಕೊಂಡು ಹೊರಟಿತು. ಹಿಂದೆ ಅಜ್ಜಿ ಸಿದ್ದರಾಜುವಿನ ಕೈಗೆ ಎಲೆಯಡಿಕೆ ಕೊಟ್ಟು, ಯಾವ ಊರು, ಯಾರ ಪೈಕಿ, ತಾತನ ಹೆಸರೇನು ಎಂದು ಒಂದೊಂದೇ ಕೇಳತೊಡಗಿದಳು. "ನಮ್ ಪೈಕೀನೇ ಬುಡು," ಎಂದು ಗೌಡರ ಕಿವಿಗೆ ಬೀಳುವಂತೆ ಹೇಳಿಕೊಂಡಳು. ಗೌಡರು ಕಿಟಕಿಯಾಚೆ ನೋಡುತ್ತಿದ್ದರು. ಪ್ರಮೀಳಾ ಕನ್ನಡಿಯಲ್ಲಿ ನೋಡಿದಾಗ ಸಿದ್ದರಾಜು ಅವಳನ್ನೇ ನೋಡುತ್ತಿದ್ದ. ಅವನು ಕಣ್ಣು ತಪ್ಪಿಸಲಿಲ್ಲ, ಅವಳೇ ರಸ್ತೆಗಾಗಿ ತಪ್ಪಿಸಬೇಕಾಯಿತು.

ಕೃಷ್ಣರಾಜಪೇಟೆಯ ಸರ್ಕಲ್ ಬಂತು. ಒಂದು ಕಡೆ ನಾಗಮಂಗಲದ ರಸ್ತೆ, ಇನ್ನೊಂದು ಕಡೆ ಪಾಂಡವಪುರದ ರಸ್ತೆ. ಪ್ರಮೀಳಾ ಗಾಡಿ ನಿಲ್ಲಿಸಿದಳು. ಇಂಜಿನ್ ಓಡುತ್ತಲೇ ಇತ್ತು. ಹಿಂದೆ ಒಂದು ಬಸ್ಸು ಹಾರ್ನ್ ಬಾರಿಸತೊಡಗಿತು.

"ಯಾಕವ್ವ?" ಅಂದರು ಗೌಡರು.

"ಅಪ್ಪಾ, ನಾಗಮಂಗ್ಲದ ಮನೆ ಚೆನ್ನಾಗೇ ಇರ್ತದೆ. ನೋಡಿ ಬಂದು ಆಮೇಲೆ ಬ್ಯಾಡ ಅಂದ್ರೆ ಅವ್ರುಗೂ ನೋವು. ಅದುಕ್ಕೆ ಇಲ್ಲೇ ಹೇಳ್ತಾ ಇದ್ದೀನಿ." ಅವಳು ಕನ್ನಡಿಯಲ್ಲಿ ಸಿದ್ದರಾಜುವನ್ನು ನೋಡಿದಳು. "ನಂಗೆ ಇವ್ರು ಬೇಕು."

ಬಸ್ಸು ಪಕ್ಕದಿಂದ ಬೈದುಕೊಂಡು ಮುಂದೆ ಹೋಯಿತು. ಗೌಡರು ನಿಧಾನವಾಗಿ ಹಿಂದಕ್ಕೆ ತಿರುಗಿದರು.

"ನಿಂದೇನ್ಲಾ?"

"ನಂಗೂ ಅವ್ರೇ ಬೇಕು ಗೌಡ್ರೇ. ಯೋಳಕೆ ಧೈರ್ಯ ಸಾಲ್ಲಿಲ್ಲ."

"ನನ್ ಮಕದ್ ಮುಂದೆ ನಿಂತು ಆಗಕಿಲ್ಲ ಅನ್ನಕೆ ಧೈರ್ಯ ಇತ್ತು?"

"ಅದು ನಿಮ್ ಪ್ರಾಣದ್ ಮಾತು. ಇದು ನನ್ ಒಬ್ಬನ್ ಆಸೆ."

ಸರ್ಕಲ್ಲಿನಲ್ಲಿ ಹೂ ಮಾರುವವರು, ಟೆಂಪೋದವರು ಎಲ್ಲರೂ ನಟ್ಟನಡುವೆ ನಿಂತ ಹಳೇ ಗಾಡಿಯನ್ನು ನೋಡುತ್ತಿದ್ದರು. ಚಿಕ್ಕಬೋರಮ್ಮ ಎಲೆ ಅಗಿಯುವುದನ್ನೂ ನಿಲ್ಲಿಸಿದ್ದಳು.

"ಆ ಎಸ್‌ಟಿಡಿ ಬೂತ್ ತಾವ ನಿಲ್ಸು," ಅಂದರು ಗೌಡರು. "ನಾಗಮಂಗ್ಲದೋರು ಅಡ್ಗೆ ಮಾಡ್ಕಂಡು ಕಾಯ್ತಿರ್ತಾರೆ. ತೆಪ್ಪು ನಮ್ದು, ನಾನೇ ಕೇಳ್ಕಂತೀನಿ."

ಅವರು ಫೋನ್ ಮಾಡಿ ಕುಂಟುತ್ತ ವಾಪಸು ಬಂದರು. ಅಷ್ಟರಲ್ಲಿ ಪ್ರಮೀಳಾಳ ಕೆನ್ನೆಯೆಲ್ಲ ಒದ್ದೆಯಾಗಿತ್ತು. ಗೌಡರು ಸೀಟಿನಲ್ಲಿ ಕೂತು, ಸತ್ತ ಕಾಲನ್ನು ಎರಡೂ ಕೈಯಿಂದ ಎತ್ತಿ ಒಳಗಿಟ್ಟುಕೊಂಡು, ಬಾಗಿಲು ಹಾಕಿಕೊಂಡರು.

"ಮನೆ ನೋಡಕೇಂತ ಹೊಂಟು ನೋಡ್ದೆ ವಾಪಸ್ ಹೋಗಬಾರ್ದು. ನಿಮ್ಮನೇಲಿ ಯಾರವ್ರ್ಲಾ?"

ಸಿದ್ದರಾಜುವಿಗೆ ಮಾತು ತೊದಲಿತು. "ಅವ್ವ ಒಬ್ಳೇ... ಆದ್ರೆ ಇವತ್ತು ಕಳೆ ಕೀಳಕೆ ಗದ್ದೆಗ್ ಹೋಗವ್ಳೆ ಗೌಡ್ರೇ. ಬಾಗ್ಲಿಗೆ ಬೀಗ ಹಾಕೈತೆ. ಮನೆ ಗುಡ್ಸೂ ಇಲ್ಲ."

"ಅವ್ಳು ಬರೋಗಂಟ ಜಗ್ಲಿ ಮ್ಯಾಲೆ ಕೂತಿರ್ತೀವಿ ಬುಡು," ಅಂದರು ನಂಜಪ್ಪಗೌಡರು. "ನಡಿಯವ್ವ."

ಪ್ರಮೀಳಾ ಕಣ್ಣೊರೆಸಿಕೊಂಡು, ಪಾಂಡವಪುರದ ರಸ್ತೆಗೆ ಗಾಡಿ ತಿರುಗಿಸಿದಳು.